ಹ್ಯಾಲೋವೀನ್ ರಾತ್ರಿ ಮಕ್ಕಳನ್ನು ಆಡಿಸೋದು ಹೇಗೆ?

ಅಕ್ಟೋಬರ್ 31ಕ್ಕೆ ಹ್ಯಾಲೋವೀನ್. ಮಾರನೇ ದಿನ ರಾಜ್ಯೋತ್ಸವದ ರಜೆ, ಮಕ್ಕಳು ತಡವಾಗಿ ಮಲಗಿದರೂ ಚಿಂತೆಯಿಲ್ಲ.

ಜಾಸ್ತಿ ಮಜಾ ಬರೋದು ದೆವ್ವದ ಡಬ್ಬದಲ್ಲಿ. ನಮ್ಮ ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿಗೇನು ಬರವೇ? ಸಿಪ್ಪೆ ಸುಲಿದು ಬಟ್ಟಲಿಗೆ ಹಾಕಿದರೆ ಕಣ್ಣುಗುಡ್ಡೆ ರೆಡಿ. ಬೇಯಿಸಿ ತಣ್ಣಗಾದ ಶಾವಿಗೆಗೆ ಎರಡು ಹನಿ ಎಣ್ಣೆ ಸವರಿದರೆ ಹುಳು. ರಟ್ಟಿನ ಡಬ್ಬಕ್ಕೆ ಕೈ ತೂರುವಷ್ಟು ತೂತು ಮಾಡಿ, ಬಟ್ಟಲುಗಳನ್ನು ಒಳಗಿಟ್ಟು, ಲೈಟ್ ಆರಿಸಿ, "ದೆವ್ವದ ಕಣ್ಣು ಮುಟ್ಟು ನೋಡೋಣ" ಅಂತ ಸುಮ್ನೆ ಪಿಸುಗುಟ್ಟಿ, ಕಿರುಚಾಟ ಬೀದಿಗೇ ಕೇಳುತ್ತದೆ! ತೀರಾ ಪುಟಾಣಿಗಳು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಸಿಹಿಗುಂಬಳಕ್ಕೆ ಮಕ್ಕಳು ಸ್ಕೆಚ್ ಪೆನ್ನಲ್ಲಿ ಮುಖ ಬರೆಯಲಿ, ಕೊರೆಯೋದು ದೊಡ್ಡವರ ಕೆಲಸ. ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಕೊರೆಯುತ್ತಿದ್ದರು. ನಮಗೆ ಕುಂಬಳವೇ ವಾಸಿ, ತಿರುಳು ಹುಳಿಗಾಗುತ್ತದೆ.

ಕೊನೆಗೆ 'ನಾಳೆ ಬಾ' ಆಟ. ಹಿಂದೆ ಹಳ್ಳಿಗಳಲ್ಲಿ ದೆವ್ವ ಬರಬಾರದೆಂದು ಬಾಗಿಲ ಮೇಲೆ ಹಾಗೆ ಬರೆಯುತ್ತಿದ್ದರು ಅಲ್ವಾ, ಅದೇ. ಒಬ್ಬರು ಬಾಗಿಲ ಕಡೆ ಮುಖ ಮಾಡಿ ನಿಲ್ಲಬೇಕು, ಉಳಿದವರು ಬಿಳಿ ಪಂಚೆ ಹೊದ್ದು ಮೆಲ್ಲಗೆ ಹಿಂದಿನಿಂದ ಬರಬೇಕು. "ನಾಳೆ ಬಾ!" ಅಂತ ತಿರುಗಿದಾಗ ಅಲುಗಾಡಿದ ದೆವ್ವ ಔಟ್. ಪಂಚೆ ಕಾಲಿಗೆ ತೊಡರದಂತೆ ಮೊಣಕಾಲವರೆಗೆ ಮಡಚಿ ಕಟ್ಟಿ.