ಕೆಲಸ ಬಿಡದೆ ಪ್ರೋಗ್ರಾಮಿಂಗ್ ಓದಬೇಕೇ? ಕಾಸರಗೋಡಿನವರಿಗೆ ಒಂದಿಷ್ಟು ದಾರಿ

ವಯಸ್ಸು ಮೂವತ್ತೈದು ದಾಟಿದೆ, ಕೆಲಸ ಉಂಟು, ಮನೆ ಸಾಲವೂ ಉಂಟು, ಆದರೂ ಕಂಪ್ಯೂಟರ್ ಓದಬೇಕು ಅಂತ ಆಸೆ. ಹಾಗಿದ್ದರೆ ಮೊದಲು ಫೀಸು ಕಟ್ಟಬೇಡಿ. ಮೊದಲು ಪುಕ್ಕಟೆಯಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಸ್ವಲ್ಪ ಕಲಿಯಿರಿ. ಕೇಂದ್ರ ಸರಕಾರದ ಸ್ವಯಂ ಎಂಬ ಆನ್‌ಲೈನ್ ಪಾಠದ ಪೋರ್ಟಲ್‌ನಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಿವೆ, ಸೇರಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಶುಲ್ಕ ಕಟ್ಟಿದರೆ ಸಾಕು. ಡ್ಯೂಟಿ ಮುಗಿಸಿ, ಊಟ ಮಾಡಿ, ಮಕ್ಕಳು ಮಲಗಿದ ಮೇಲೆ ಕುಳಿತು ಒಂದು ಕೋರ್ಸನ್ನು ಕೊನೆಯವರೆಗೆ ಮುಗಿಸಿದಿರಿ ಎಂದಾದರೆ ಕಾಲೇಜನ್ನೂ ಮುಗಿಸುತ್ತೀರಿ. ಅರ್ಧಕ್ಕೇ ಬಿಟ್ಟರೆ ಕೈಯಿಂದ ಏನೂ ಹೋಗಲಿಲ್ಲ, ಅಲ್ವಾ?

ರೆಗ್ಯುಲರ್ ಕಾಲೇಜನ್ನು ಮರೆತುಬಿಡಿ. ಹಗಲಿನ ಹಾಜರಿ ಮತ್ತು ಹಗಲಿನ ಕೆಲಸ ಒಟ್ಟಿಗೆ ನಡೆಯುವುದಿಲ್ಲ. ಉಳಿಯುವ ದಾರಿಗಳಲ್ಲಿ ದೂರಶಿಕ್ಷಣದ ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಒಂದು. ಪಿಯುಸಿ ಅಥವಾ ಪ್ಲಸ್ ಟು ಆದವರಿಗೆ ಅಲ್ಲಿ ಬಿಸಿಎ ಎಂಬ ಕಂಪ್ಯೂಟರ್ ಪದವಿ ಇದೆ, ಕನಿಷ್ಠ 3 ವರ್ಷ, ಎಳೆದರೆ 6 ವರ್ಷದವರೆಗೆ ಸಮಯ. ಅಸೈನ್‌ಮೆಂಟ್ ಕೊಡಲೇಬೇಕು, ಲ್ಯಾಬಿಗೆ ಹೋಗಲೇಬೇಕು. ಇನ್ನೊಂದು ಮದ್ರಾಸ್ ಐಐಟಿಯ ಡೇಟಾ ಸೈನ್ಸ್ ಆನ್‌ಲೈನ್ ಬಿಎಸ್ ಪದವಿ, 2020ರಲ್ಲಿ ಶುರುವಾದದ್ದು. ಇದಕ್ಕೆ ವಯಸ್ಸಿನ ಮಿತಿ ಇಲ್ಲ. ಮೊದಲು ನಾಲ್ಕು ವಾರ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಇಂಗ್ಲಿಷ್, ಗಣಿತ, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟೇಶನಲ್ ಥಿಂಕಿಂಗ್ (ಸಮಸ್ಯೆಯನ್ನು ಹಂತಹಂತವಾಗಿ ಬಿಡಿಸುವ ಕ್ರಮ) ಎಂಬ ನಾಲ್ಕು ವಿಷಯ. ಪಾಠ ಮನೆಯಲ್ಲೇ ಆದರೂ ಪರೀಕ್ಷೆಗೆ ಸೆಂಟರಿಗೇ ಹೋಗಬೇಕು. ಸರ್ಟಿಫಿಕೇಟ್ ಮಾತ್ರ ಸಾಕು ಅನ್ನುವವರಿಗೆ ಇದು ಕಷ್ಟದ ದಾರಿ. ನಿಜವಾಗಿ ಕಲಿಯಬೇಕೆಂದಿದ್ದರೆ ನನ್ನ ಮತ ಇದಕ್ಕೇ. ಬೇರೆ ಯಾವ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ ಸೇರುವುದಾದರೂ ಯುಜಿಸಿಯ ಡಿಇಬಿ (ದೂರಶಿಕ್ಷಣಕ್ಕೆ ಮಾನ್ಯತೆ ಕೊಡುವ ವಿಭಾಗ) ಪಟ್ಟಿಯಲ್ಲಿ ಆ ಕೋರ್ಸ್ ಇದೆಯಾ ಎಂದು ನೋಡಿಯೇ ದುಡ್ಡು ಕೊಡಿ, ಏಜೆಂಟರ ಮಾತು ನಂಬಬೇಡಿ.

ಕಾಗದಪತ್ರದ ಕೆಲಸಕ್ಕೆ ಒಂದು ತಿಂಗಳು ಮೊದಲೇ ಇಳಿಯಿರಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಮನೆ ಹೆಸರು ಸಮೇತ ಉದ್ದದ ಹೆಸರು, ಇದು ನಮ್ಮ ಕಡೆ ಮನೆಮನೆಯ ಕಥೆ. ದೂರಶಿಕ್ಷಣಕ್ಕೆ ಈಗ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಖಾತೆಯ ಸಂಖ್ಯೆ), ಡಿಇಬಿ ಐಡಿ (ದೂರಶಿಕ್ಷಣದ ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಬೇಕು. ಹೆಸರು ಹೊಂದದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಕೇರಳ ಸರಕಾರದ ಸೇವಾ ಕೇಂದ್ರವಾದ ಅಕ್ಷಯದಲ್ಲಿ ಆಧಾರ್ ಮೊದಲು ಸರಿಮಾಡಿಸಿಕೊಳ್ಳಿ.

ಕೆಲಸದಲ್ಲಿರುವವರನ್ನು ಬೀಳಿಸುವುದು ಹೆಚ್ಚಾಗಿ ಕೋಡಿಂಗ್ ಅಲ್ಲ, ಗಣಿತ. ಸೆಟ್, ಫಂಕ್ಷನ್, ಪ್ರಾಬಬಿಲಿಟಿ ಎಲ್ಲ ತುಕ್ಕು ಹಿಡಿದಿರುತ್ತದೆ. ಮನೆಯಲ್ಲಿ ಹನ್ನೊಂದನೇ ಕ್ಲಾಸಿನ ಮಗನೋ ಮಗಳೋ ಇದ್ದರೆ ನಾಚಿಕೆ ಬಿಟ್ಟು ಅವರ ಪುಸ್ತಕ ತೆಗೆದುಕೊಳ್ಳಿ, ಅವರ ಹತ್ತಿರವೇ ಕೇಳಿ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇಂಗ್ಲಿಷ್ ಪಠ್ಯ ಮೊದಮೊದಲು ನಿಧಾನ. ಅದಕ್ಕೊಂದು ಉಪಾಯ ಉಂಟು. ಪೈಥಾನ್ 3ರಲ್ಲಿ ಕಮೆಂಟ್ (ನಮಗಾಗಿ ಬರೆದಿಡುವ ಟಿಪ್ಪಣಿ) ಮಾತ್ರವಲ್ಲ, ವೇರಿಯಬಲ್ (ಬೆಲೆಯಂಥ ಮೌಲ್ಯವನ್ನು ಹಿಡಿದಿಡುವ ಹೆಸರು) ಹೆಸರನ್ನೂ ಕನ್ನಡದಲ್ಲಿ ಬರೆಯಬಹುದು. 'ಬೆಲೆ = 420' ಎಂದು ಬರೆದರೆ ಅದು ಸಲೀಸಾಗಿ ಓಡುತ್ತದೆ. ಮನೆ ಅಭ್ಯಾಸಕ್ಕೆ ಹೀಗೆ ಮಾಡಿ, ಕಾಲೇಜಿಗೆ ಕೊಡುವಾಗ ಇಂಗ್ಲಿಷ್ ಹೆಸರು ಹಾಕಿ. ಎರರ್ ಬಂದರೆ ಹೆದರಿ ಮೇಲಿನಿಂದ ಓದಬೇಡಿ. ಕೊನೆಯ ಸಾಲಿನಲ್ಲಿ ಏನು ತಪ್ಪು ಎಂದಿರುತ್ತದೆ, ಅದರ ಸ್ವಲ್ಪ ಮೇಲೆ ಎಷ್ಟನೇ ಸಾಲಿನಲ್ಲಿ ಎಂದಿರುತ್ತದೆ.

ಪುಸ್ತಕದ ಲೆಕ್ಕಗಳ ಜೊತೆಗೆ ನಿಮ್ಮದೇ ಒಂದು ಲೆಕ್ಕ ಇಟ್ಟುಕೊಳ್ಳಿ. ಅಡಿಕೆ ಮಾರುವ ಮನೆಯಾದರೆ ತೂಕ, ದರ, ಕೂಲಿ ಕಳೆದು ಕೈಗೆ ಎಷ್ಟು ಬಂತು ಎಂಬ ಪ್ರೋಗ್ರಾಂ ಬರೆಯಿರಿ. ಆಗ ತಾನಾಗಿಯೇ ಒಂದು ವಿಚಿತ್ರ ಕಾಣುತ್ತದೆ. ಪೈಥಾನ್‌ನಲ್ಲಿ 0.1 + 0.2 ಕೂಡಿಸಿದರೆ 0.30000000000000004 ಬರುತ್ತದೆ, ಏಕೆಂದರೆ ಕಂಪ್ಯೂಟರ್ ಒಳಗೆ ಸಂಖ್ಯೆ ಇರುವುದು ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ, ನಮ್ಮ ದಶಾಂಶದ 0.1 ಅಲ್ಲಿ ಪೂರ್ತಿಯಾಗಿ ಕೂರುವುದಿಲ್ಲ. ಹಾಗಾಗಿ ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ಇಂಥದ್ದು ಸ್ವಂತ ಲೆಕ್ಕದಲ್ಲಿ ಸಿಕ್ಕಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಮಂಜೇಶ್ವರ, ಕುಂಬಳೆಯಿಂದ ದಿನಾ ಮಂಗಳೂರಿಗೆ ಹೋಗುವವರು ರೈಲಿನಲ್ಲಿ ಫೋನಿನಲ್ಲಿ ಕೋಡ್ ಬರೆಯಲು ಹೋಗಬೇಡಿ, ಪಾಠದ ವಿಡಿಯೋ ನೋಡಿ. ರಾತ್ರಿ ಕಂಪ್ಯೂಟರಿನಲ್ಲಿ ಬರೆಯಿರಿ. ವಿಡಿಯೋ ಮೊದಲೇ ಡೌನ್‌ಲೋಡ್ ಇರಲಿ.

ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಎಂದರೆ ನಮ್ಮಲ್ಲಿ ಜೋರು ಮಳೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಹಾಗಾಗಿ ಅಸೈನ್‌ಮೆಂಟ್‌ಗಳನ್ನು ಮೇ ತಿಂಗಳಿಗೆ ಮೊದಲೇ ಮುಗಿಸಿ. ಡೇಟ್ ಶೀಟ್ (ಪರೀಕ್ಷೆಯ ವೇಳಾಪಟ್ಟಿ) ಬಂದ ದಿನವೇ ಅದರ ಪ್ರತಿ ಹಚ್ಚಿ ಆಫೀಸಿನಲ್ಲಿ ರಜೆಗೆ ಅರ್ಜಿ ಕೊಟ್ಟುಬಿಡಿ.