ಶಟಲ್ ಹೊಡೆಯದವಳ ಮೇಲೆ ಕಣ್ಣಿಟ್ಟು ಡಬಲ್ಸ್ ಕಲಿಸಿದ್ದು

ಬಾಗಲಕೋಟೆಯ ನವನಗರದ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಶಾಲೆಯ ಇಬ್ಬರು ಹುಡುಗಿಯರು ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ತಾಲೂಕು ಮತ್ತು ಜಿಲ್ಲಾ ಮಟ್ಟಗಳನ್ನು ದಾಟಿ ಬೆಳಗಾವಿ ವಿಭಾಗ ಮಟ್ಟದವರೆಗೆ ಹೋದರು. ಅವರನ್ನು ಹೇಗೆ ತಯಾರು ಮಾಡಿದಿರಿ ಎಂದು ಬೇರೆ ಶಾಲೆಗಳ ಸಹೋದ್ಯೋಗಿಗಳು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿನಿಯಾಗಿದ್ದಾಗ ನಾನು ಆಡಿದ್ದು ಖೋಖೋ. ಬ್ಯಾಡ್ಮಿಂಟನ್ನಿನ ಯಾವ ಅಕಾಡೆಮಿಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಮತ್ತು ಆಲ್ ಇಂಗ್ಲೆಂಡ್ ಟೂರ್ನಿಗಳ ಮಹಿಳಾ ಡಬಲ್ಸ್ ಪಂದ್ಯಗಳ ವಿಡಿಯೊಗಳೇ ನನ್ನ ಪಾಠಶಾಲೆ. ಅವನ್ನು ನೋಡಲು ಒಂದು ಕ್ರಮವನ್ನು ನಾನೇ ಮಾಡಿಕೊಂಡೆ: ಶಟಲ್ ಹೊಡೆಯುತ್ತಿರುವವಳನ್ನು ಬಿಟ್ಟು, ಆ ಗಳಿಗೆಯಲ್ಲಿ ಹೊಡೆಯದೆ ನಿಂತಿರುವ ಅವಳ ಜೊತೆಗಾರ್ತಿಯನ್ನು ನೋಡುವುದು.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ, ಏಕೆಂದರೆ ಕಣ್ಣು ತಾನಾಗಿಯೇ ಶಟಲ್ಲಿನ ಹಿಂದೆ ಓಡುತ್ತದೆ. ಅದನ್ನು ಹಿಡಿದು ನಿಲ್ಲಿಸಲು ನಾನು ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಅಂಕಣದ ಅರ್ಧಭಾಗವನ್ನು ಗೆರೆ ಹಾಕಿ ಬಿಡಿಸಿಟ್ಟುಕೊಂಡು, ಒಬ್ಬಳು ಹೊಡೆದಾಗಲೆಲ್ಲ ವಿಡಿಯೊ ನಿಲ್ಲಿಸಿ, ಇನ್ನೊಬ್ಬಳ ಪಾದ ಎಲ್ಲಿತ್ತೆಂಬುದನ್ನು ಪೆನ್ಸಿಲ್ಲಿನಿಂದ ಚುಕ್ಕೆಯಿಟ್ಟು ಗುರುತಿಸುತ್ತಿದ್ದೆ. ಹೀಗೆ ಒಂದು ಗೇಮ್, ಅಂದರೆ 21 ಪಾಯಿಂಟಿನ ಒಂದು ಸುತ್ತು, ಮುಗಿಸಲು ಸಂಜೆಯೊಂದು ಸಾಲುತ್ತಿರಲಿಲ್ಲ. ಮೊದಲು ಕೈಗೆತ್ತಿಕೊಂಡದ್ದು 2016ರ ರಿಯೊ ಒಲಿಂಪಿಕ್ಸ್ ಫೈನಲ್. ಜಪಾನಿನ ಮಿಸಾಕಿ ಮತ್ಸುತೊಮೊ ಮತ್ತು ಅಯಾಕಾ ತಕಹಾಶಿ ಅಲ್ಲಿ ಡೆನ್ಮಾರ್ಕಿನ ಕ್ರಿಸ್ಟಿನಾ ಪೆಡರ್ಸನ್ ಮತ್ತು ಕಮಿಲ್ಲಾ ರಿಟ್ಟರ್ ಯೂಲ್ ಅವರನ್ನು ಎದುರಿಸಿದ್ದರು. ಮೂರನೆಯ ಗೇಮಿನಲ್ಲಿ 16-19ರಿಂದ ಹಿಂದಿದ್ದ ಜಪಾನ್ ಜೋಡಿ ಸತತ ಐದು ಪಾಯಿಂಟ್ ಗೆದ್ದು 21-19ಕ್ಕೆ ಪಂದ್ಯ ಮುಗಿಸಿತು. ಬ್ಯಾಡ್ಮಿಂಟನ್ನಿನಲ್ಲಿ ಜಪಾನಿಗೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಹಿಂದಿನಿಂದ ತಕಹಾಶಿ ಹೊಡೆಯುವಾಗ ಎಲ್ಲರ ಕಣ್ಣೂ ಅವಳ ಮೇಲಿರುತ್ತದೆ. ನನ್ನ ಚುಕ್ಕೆಗಳು ಮಾತ್ರ ಮುಂದಿದ್ದ ಮತ್ಸುತೊಮೊಳದ್ದು, ಮತ್ತು ಆ ಚುಕ್ಕೆಗಳು ಎರಡು ಹೊಡೆತ ಒಂದೇ ಕಡೆ ಉಳಿಯುತ್ತಿರಲಿಲ್ಲ. ಜೊತೆಗಾರ್ತಿ ಬಲಮೂಲೆಗೆ ಹೋದರೆ ಅವಳು ಬಲಕ್ಕೆ ಒಂದು ಹೆಜ್ಜೆ, ಎಡಮೂಲೆಗೆ ಹೋದರೆ ಎಡಕ್ಕೆ ಒಂದು ಹೆಜ್ಜೆ; ರ‍್ಯಾಕೆಟ್ಟಿನ ತಲೆ ಯಾವಾಗಲೂ ನೆಟ್ಟಿನ ಪಟ್ಟಿಯ ಎತ್ತರದಲ್ಲಿ.

ಪುರುಷರ ಡಬಲ್ಸ್ ಪಂದ್ಯಗಳನ್ನು ನಾನು ಹುಡುಗಿಯರಿಗೆ ಉದ್ದೇಶಪೂರ್ವಕವಾಗಿಯೇ ತೋರಿಸಲಿಲ್ಲ. ಅಂಕಣ ಒಂದೇ, 13.4 ಮೀಟರ್ ಉದ್ದ ಮತ್ತು 6.1 ಮೀಟರ್ ಅಗಲ, ನಿಯಮಗಳೂ ಒಂದೇ, ಆದರೆ ಆಟ ಬೇರೆ. ಪುರುಷರಲ್ಲಿ ಸರ್ವಿಸ್ ಆದ ಕೂಡಲೆ ನೆಟ್ಟಿನ ಮೇಲೆಯೇ ಸಮತಟ್ಟಾದ ಹೊಡೆತಗಳು ಸಿಡಿದು, ಬಹಳ ಸಲ ಕೆಲವೇ ಹೊಡೆತಗಳಲ್ಲಿ ಪಾಯಿಂಟ್ ತೀರ್ಮಾನವಾಗುತ್ತದೆ. ಮಹಿಳೆಯರಲ್ಲಿ ಮೇಲಿನಿಂದ ಕೆಳಕ್ಕೆ ಬಲವಾಗಿ ಹೊಡೆಯುವ ಒಂದು ಸ್ಮ್ಯಾಶ್ ಎದುರಾಳಿಯನ್ನು ಮುಗಿಸುವುದು ಅಪರೂಪ. ರಕ್ಷಣೆಗೆ ನಿಂತವರು ಅದನ್ನು ಮತ್ತೆ ಹಿಂದಿನ ಗೆರೆಯವರೆಗೆ ಎತ್ತಿಬಿಡುತ್ತಾರೆ. ಆದ್ದರಿಂದ ಹಿಂದಿರುವವಳು ಒಂದು ಸ್ಮ್ಯಾಶ್, ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸುವ ಒಂದು ಡ್ರಾಪ್, ನಡುವೆ ಇನ್ನೊಂದು ಮೂಲೆಗೆ ಎತ್ತರವಾಗಿ ಹಿಂದಕ್ಕೆ ಕಳಿಸುವ ಒಂದು ಕ್ಲಿಯರ್ ಎಂದು ಬದಲಿಸುತ್ತ ಎದುರಿನ ಇಬ್ಬರ ನಡುವೆ ಸಂದು ಬೀಳುವವರೆಗೆ ಕಾಯಬೇಕಾಗುತ್ತದೆ. ಈ ಕಾಯುವಿಕೆಯಲ್ಲಿ ರುಚಿ ಹುಟ್ಟಿದರೆ ಮಾತ್ರ ಹುಡುಗಿಯರು ಡಬಲ್ಸ್ ಕಲಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮೊಬೈಲಿನಲ್ಲಿ ಅರ್ಧ ನಿಮಿಷದ ಸ್ಮ್ಯಾಶ್ ತುಣುಕುಗಳನ್ನು ನೋಡಿ ಬಂದ ಮಕ್ಕಳನ್ನು ದಾರಿಗೆ ತರಲು ಒಂದು ತಿಂಗಳು ಬೇಕು.

ನನ್ನ ಜೋಡಿಯ ದೊಡ್ಡ ತೊಡಕು ನಡುವೆ ಬರುವ ಶಟಲ್ ಆಗಿತ್ತು. ಇಬ್ಬರೂ ಅಕ್ಕಪಕ್ಕ ನಿಂತು ರಕ್ಷಣೆ ಮಾಡುವಾಗ ಶಟಲ್ ನಡುವೆ ಬಂದರೆ ಒಂದೋ ರ‍್ಯಾಕೆಟ್ಟುಗಳು ಡಿಕ್ಕಿ ಹೊಡೆಯುತ್ತಿದ್ದವು, ಇಲ್ಲವೇ ಇಬ್ಬರೂ ಪರಸ್ಪರ ಮುಖ ನೋಡಿಕೊಂಡು ಅದನ್ನು ನೆಲಕ್ಕೆ ಬಿಡುತ್ತಿದ್ದರು. "ನಡುವಿಂದು ಯಾರು ತಗೋಬೇಕ್ರೀ ಮೇಡಂ, ಅದನ್ನೊಂದು ಹೇಳಿಬಿಡ್ರಿ" ಎಂದು ಹತ್ತನೆಯ ತರಗತಿಯವಳು ಒಂದು ದಿನ ಬೇಸತ್ತು ಕೇಳಿದಳು. ಅದಕ್ಕೆ ಉತ್ತರ ನನ್ನ ಚುಕ್ಕೆಗಳ ಕಾಗದದಲ್ಲಿಯೇ ಇತ್ತು. ಎದುರಾಳಿ ಯಾವ ಮೂಲೆಯಿಂದ ಹೊಡೆಯುತ್ತಾಳೋ ಆ ಮೂಲೆಗೆ ನೇರವಾಗಿ ಎದುರಿಗಿರುವವಳು ತನ್ನ ಪಕ್ಕದ ಗೆರೆಯನ್ನು ಕಾಯಬೇಕು. ಕರ್ಣರೇಖೆಯಲ್ಲಿ ನಿಂತವಳು ಒಳಕ್ಕೆ ಸರಿದು ನಡುವನ್ನು ನೋಡಿಕೊಳ್ಳಬೇಕು. ಏಕೆಂದರೆ ನೇರ ಸ್ಮ್ಯಾಶಿಗೆ ದೂರ ಕಡಿಮೆ, ಅದು ಬೇಗ ಬರುತ್ತದೆ. ಅಡ್ಡ ಹೊಡೆತ ಹೆಚ್ಚು ದೂರ ಸಾಗಬೇಕಾದ್ದರಿಂದ ಕರ್ಣದವಳಿಗೆ ಅರೆಗಳಿಗೆ ಹೆಚ್ಚು ಸಿಗುತ್ತದೆ. ನಾನು ಒಂದು ಬೆಂಚಿನ ಮೇಲೆ ನಿಂತು, ಒಮ್ಮೆ ಬಲಮೂಲೆಯಿಂದ ಒಮ್ಮೆ ಎಡಮೂಲೆಯಿಂದ, ಬರೀ ನಡುವಿಗೇ ಹೊಡೆಯುತ್ತ ಹೋದೆ. ತೆಗೆದುಕೊಳ್ಳುವವಳು "ನಂದು" ಎಂದು ಕೂಗಬೇಕು. ಅದಕ್ಕಿಂತ ಮುಖ್ಯವಾಗಿ, ತೆಗೆದುಕೊಳ್ಳದವಳು ಸುಮ್ಮನೆ ನಿಲ್ಲದೆ ಮುಂದಿನ ಶಟಲ್ಲಿಗಾಗಿ ತನ್ನ ಸ್ಥಾನಕ್ಕೆ ಬರಬೇಕು. ಅವಳು ಬರದಿದ್ದರೆ, ಹೊಡೆದದ್ದು ಎಷ್ಟೇ ಚೆನ್ನಾಗಿದ್ದರೂ, ಆ ಪಾಯಿಂಟ್ ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದು ಅನ್ಯಾಯವೆಂದು ಇಬ್ಬರೂ ಸಾಕಷ್ಟು ವಾದಿಸಿದರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ವಾದ ನಿಂತಿತ್ತು.

ದಾಳಿಗೆ ಹೊರಟಾಗ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಶಟಲ್ಲನ್ನು ಮೇಲಕ್ಕೆ ಎತ್ತಿಕೊಟ್ಟಾಗ ಇಬ್ಬರೂ ಅಕ್ಕಪಕ್ಕ. ಇಷ್ಟನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯೇ ಕಷ್ಟದ್ದು. ಇಲ್ಲಿ ನನ್ನ ಖೋಖೋ ಕೈಹಿಡಿಯಿತು: ಬೆನ್ನಟ್ಟುವವಳು ಖೋ ಕೊಟ್ಟ ಕ್ಷಣಕ್ಕೆ ಕುಳಿತವಳು ಎದ್ದಾಗಿರಬೇಕು, ಕೊಟ್ಟವಳು ಆ ಜಾಗದಲ್ಲಿ ಕುಳಿತಾಗಿರಬೇಕು, ಚೌಕ ಖಾಲಿ ಇರುವ ಹಾಗಿಲ್ಲ. ಡಬಲ್ಸ್‌ನಲ್ಲಿಯೂ ಮುಂದಿದ್ದವಳು ಶಟಲ್ ಎತ್ತಿದ ಕೂಡಲೆ ನೇರವಾಗಿ ಹಿಂದಕ್ಕೆ ಸರಿದು ತನಗೆ ಹತ್ತಿರದ ಪಕ್ಕವನ್ನು ಹಿಡಿಯಬೇಕು, ಹಿಂದಿದ್ದವಳು ಕೇಳದೆಯೇ ಇನ್ನೊಂದು ಪಕ್ಕಕ್ಕೆ ಹೋಗಬೇಕು. ಈ ಮಾತು ಹುಡುಗಿಯರಿಗೆ ಒಂದೇ ದಿನದಲ್ಲಿ ಅರ್ಥವಾಯಿತು, ಏಕೆಂದರೆ ನಮ್ಮ ಕಡೆ ಖೋಖೋ ಆಡದ ಮಕ್ಕಳಿಲ್ಲ.

ಸರ್ವಿಸ್ ವಿಷಯದಲ್ಲಿ ಒಂದು ಸಣ್ಣ ಸಾಧನವನ್ನು ಮಾಡಿಕೊಂಡೆವು. 2018ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ, ಸರ್ವ್ ಮಾಡುವಾಗ ರ‍್ಯಾಕೆಟ್ ಶಟಲ್ಲಿಗೆ ತಾಗುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕು. ಅದಕ್ಕೂ ಮುಂಚೆ ಸೊಂಟದ ಲೆಕ್ಕವಿತ್ತು, ಅದರಲ್ಲಿ ಎತ್ತರದವರಿಗೆ ಅನುಕೂಲ. ಈಗಿನ ನಿಯಮದಲ್ಲಿ ಗಿಡ್ಡ ಹುಡುಗಿಯೂ ಎತ್ತರದವಳೂ ಒಂದೇ ಅಳತೆಗೆ ಬರುತ್ತಾರೆ. ನಮ್ಮಿಬ್ಬರಲ್ಲಿ ಒಬ್ಬಳು ಗಿಡ್ಡಳಾದ್ದರಿಂದ ಇದು ನಮಗೆ ಒಳ್ಳೆಯದೇ ಆಯಿತು. ದೊಡ್ಡ ಟೂರ್ನಿಗಳಲ್ಲಿ ಸರ್ವಿಸ್ ನಿರ್ಣಾಯಕರ ಮುಂದೆ ಗೆರೆ ಎಳೆದ ಪಾರದರ್ಶಕ ಹಾಳೆಗಳ ಸಾಧನವಿರುತ್ತದೆ. ನಾವು ಎರಡು ಬಿದಿರು ಗಳಗಳನ್ನು ಡಬ್ಬಿಯಲ್ಲಿ ಮಣ್ಣು ತುಂಬಿ ನಿಲ್ಲಿಸಿ, ಟೇಪಿನಿಂದ ಅಳೆದು 1.15 ಮೀಟರಿಗೆ ಎರಡು ದಾರಗಳನ್ನು ಒಂದರ ಹಿಂದೊಂದು ಕಟ್ಟಿದೆವು. ಎರಡು ದಾರಗಳೂ ಒಂದೇ ಆಗಿ ಕಾಣುವ ಹಾಗೆ ತಲೆ ತಗ್ಗಿಸಿ ನೋಡಿದರೆ ಶಟಲ್ ಮೇಲಿದೆಯೋ ಕೆಳಗಿದೆಯೋ ಸ್ಪಷ್ಟವಾಗಿ ತಿಳಿಯುತ್ತದೆ. ನೆಟ್ಟಿನ ನಡುಭಾಗದ ಎತ್ತರ 1.524 ಮೀಟರ್, ಅಂದರೆ ಶಟಲ್ ಕೆಳಗಿನಿಂದ ಏರಿ, ಪಟ್ಟಿಯನ್ನು ಸವರಿದ ಹಾಗೆ ದಾಟಿ, ತಕ್ಷಣ ಇಳಿಯಬೇಕು. ಡಬಲ್ಸ್‌ನಲ್ಲಿ ಸರ್ವಿಸ್ಸಿನ ಹಿಂದಿನ ಗೆರೆ ಅಂಕಣದ ಕೊನೆಯ ಗೆರೆಗಿಂತ 0.76 ಮೀಟರ್ ಒಳಗಿರುವುದರಿಂದ, ಸ್ವೀಕರಿಸುವವಳು ಹಿಂದಕ್ಕೆ ಬೀಳುವ ಎತ್ತರದ ಸರ್ವಿಗೆ ಹೆಚ್ಚು ಹೆದರದೆ ಮುಂದಕ್ಕೆ ಬಾಗಿ ನಿಂತಿರುತ್ತಾಳೆ. ಕಾಲು ಗೇಣು ಎತ್ತರ ಹೋದ ಸರ್ವ್ ಆಕೆಗೆ ಉಡುಗೊರೆ. ಇಲ್ಲಿಯೂ ನಾನು ನೋಡುತ್ತಿದ್ದದ್ದು ಸರ್ವ್ ಮಾಡಿದವಳ ಹಿಂದೆ ನಿಂತವಳನ್ನೇ, ಏಕೆಂದರೆ ಸರ್ವ್ ಸೇರಿಸಿ ಎಣಿಸಿದರೆ ಮೂರನೆಯ ಹೊಡೆತ ಬಹುತೇಕ ಅವಳ ಪಾಲಿಗೇ ಬರುತ್ತದೆ.

ಶಟಲ್ಲಿನ ಬಗ್ಗೆ ನಮ್ಮ ಭಾಗದವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿ ರಸ್ತೆಗಳು ಅಗಲ, ಗಾಳಿ ಧಾರಾಳ. ಬಯಲಿನಲ್ಲಿ ಗರಿಯ ಶಟಲ್ ಆಡುವ ಮಾತೇ ಇಲ್ಲ. ಒಳಾಂಗಣದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಗೆ ಗಾಳಿ ತೆಳುವಾಗಿ ಶಟಲ್ ಹೆಚ್ಚು ದೂರ ಹಾರುತ್ತದೆ. ಡಬ್ಬಿಯ ಮೇಲೆ 76, 77, 78 ಎಂದು ಬರೆದಿರುವ ಸಂಖ್ಯೆ ಹೆಚ್ಚಿದಷ್ಟೂ ವೇಗ ಹೆಚ್ಚು, ಆದ್ದರಿಂದ ಬೇಸಿಗೆಗೆ ಕಡಿಮೆ ಸಂಖ್ಯೆಯದನ್ನೇ ಕೇಳಿ ತರಬೇಕು. ಹಿಂದಿನ ಗೆರೆಯ ಮೇಲಿನಿಂದ ಕೆಳಗೈಯಲ್ಲಿ ಪೂರ್ಣ ಬಲದಿಂದ ಹೊಡೆದಾಗ ಶಟಲ್ ಆಚೆಯ ಹಿಂದಿನ ಗೆರೆಗೆ 53ರಿಂದ 99 ಸೆಂಟಿಮೀಟರ್ ಮೊದಲು ಬಿದ್ದರೆ ಅದು ಸರಿಯಾದ ವೇಗದ್ದು. ನಾನು ಗೋಡೆಯ ಬದಿಗೆ ಸುಣ್ಣದ ಎರಡು ಗುರುತು ಹಾಕಿ ಪ್ರತಿ ಡಬ್ಬಿಯಿಂದ ಒಂದನ್ನು ಹೀಗೆ ಪರೀಕ್ಷಿಸುತ್ತೇನೆ. ಒಣಹವೆಗೆ ಗರಿಗಳು ಪಟಪಟನೆ ಮುರಿಯುತ್ತವೆ. ಆಡುವ ಹಿಂದಿನ ರಾತ್ರಿ ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯ ತುದಿಗಳಿರುವ ಬಾಯನ್ನು ಕುದಿಯುವ ನೀರಿನ ಹಬೆಗೆ ಕೆಲವೇ ಸೆಕೆಂಡು ಹಿಡಿದು, ಮತ್ತೆ ಮುಚ್ಚಿಡುತ್ತೇವೆ. ಕಾರ್ಕಿಗೆ ಹಬೆ ಹತ್ತದಂತೆ ನೋಡಿಕೊಳ್ಳಬೇಕು. ಹದಿನಾರು ಗರಿಗಳಲ್ಲಿ ಒಂದು ಮುರಿದರೂ ಶಟಲ್ ಅಲುಗುತ್ತ ಹಾರುತ್ತದೆ, ಅಂಥದ್ದರಲ್ಲಿ ನೆಟ್ಟಿನ ಆಟ ಕಲಿಸಲಾಗದು.

ಟೋಕಿಯೊ ಒಲಿಂಪಿಕ್ಸ್ ಫೈನಲ್ಲಿನಿಂದ ನಾನು ತೆಗೆದುಕೊಂಡದ್ದು ಒಂದು ಪಾಯಿಂಟಿಗಾಗಿ ನಡೆದ ಹೊಡೆತಗಳ ಒಂದೇ ಒಂದು ಸರಣಿ, ಅಂದರೆ ಒಂದು ರ‍್ಯಾಲಿ. 2021ರ ಆಗಸ್ಟ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಇಂಡೋನೇಷ್ಯಾದ ಗ್ರೇಸಿಯಾ ಪೊಲಿ ಮತ್ತು ಅಪ್ರಿಯಾನಿ ರಹಾಯು ಚೀನಾದ ಚೆನ್ ಚಿಂಗ್‌ಚೆನ್ ಮತ್ತು ಜಿಯಾ ಯಿಫಾನ್ ಅವರನ್ನು 21-19, 21-15ರಿಂದ ಸೋಲಿಸಿದರು. ರ‍್ಯಾಲಿ ನಡೆಯುತ್ತಿರುವಾಗಲೇ ಪೊಲಿಯ ರ‍್ಯಾಕೆಟ್ಟಿನ ತಂತಿ ಹರಿದು, ಅವರು ಅಂಕಣದ ಬದಿಗೆ ಓಡಿ ಬೇರೆ ರ‍್ಯಾಕೆಟ್ ಹಿಡಿದು ಮರಳಿ ಬಂದರು. ಎಲ್ಲರೂ ಪೊಲಿಯ ಓಟವನ್ನು ಮೆಚ್ಚುತ್ತಾರೆ; ಅಷ್ಟು ಹೊತ್ತು ಇಡೀ ಅಂಕಣಕ್ಕೆ ಒಬ್ಬಳೇ ಆಗಿದ್ದ ರಹಾಯುವನ್ನು ನಾನು ಹುಡುಗಿಯರಿಗೆ ತೋರಿಸಿದೆ. ಆಮೇಲೆ ಅದನ್ನೇ ಅಭ್ಯಾಸವಾಗಿ ಮಾಡಿದೆವು. ನಾನು ಸೀಟಿ ಊದಿದ ಕೂಡಲೆ ಒಬ್ಬಳು ಕೈಯಲ್ಲಿದ್ದ ರ‍್ಯಾಕೆಟ್ಟನ್ನು ಗೋಡೆಗೆ ಒರಗಿಸಿ ಇನ್ನೊಂದನ್ನು ತರಬೇಕು, ಉಳಿದವಳು ಶಟಲ್ಲನ್ನು ಎದುರಿನ ಹಿಂದಿನ ಗೆರೆಯ ಹತ್ತಿರಕ್ಕೆ ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಎತ್ತಿ ಹೊತ್ತು ಗಳಿಸಬೇಕು. ತಂತಿ ಹರಿಯುವುದು ಯಾವಾಗಲೋ ಒಮ್ಮೆ. ಆದರೆ ಜೊತೆಗಾರ್ತಿ ಕಾಲು ಜಾರಿದಾಗ, ಹಿಂದೆ ಉಳಿದಾಗ, ಈ ಎತ್ತುವಿಕೆ ಪ್ರತಿ ಪಂದ್ಯದಲ್ಲಿಯೂ ಬೇಕಾಗುತ್ತದೆ.

ವಿಭಾಗ ಮಟ್ಟದಲ್ಲಿ ನಮ್ಮವರು ಸೆಮಿಫೈನಲ್ಲಿನಲ್ಲಿ ಸೋತರು. ಎದುರಾಳಿಗಳು ಚಿಕ್ಕಂದಿನಿಂದ ಅಕಾಡೆಮಿಯಲ್ಲಿ ಪಳಗಿದವರು, ಕೈಚಳಕದಲ್ಲಿ ನಮಗಿಂತ ಬಹಳ ಮೇಲಿನವರು. ಆದರೂ ಎರಡನೆಯ ಗೇಮಿನಲ್ಲಿ ನಡುವಿನ ಶಟಲ್ ಒಂದೂ ಖಾಲಿ ಹೋಗಲಿಲ್ಲ ಎಂಬುದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. 11 ಪಾಯಿಂಟ್ ಆದಾಗ ಸಿಗುವ 60 ಸೆಕೆಂಡಿನ ಬಿಡುವಿನಲ್ಲಿ ಏನು ಹೇಳಬೇಕೆಂಬುದರಲ್ಲಿ ನನಗೊಂದು ನಿಷ್ಠುರ ಕ್ರಮವಿದೆ: ಒಬ್ಬೊಬ್ಬಳಿಗೂ ಒಂದೇ ಮಾತು, ಅದೂ ಅವಳ ಹೊಡೆತದ ಬಗ್ಗೆ ಅಲ್ಲ, ಜೊತೆಗಾರ್ತಿ ಹೊಡೆಯುವಾಗ ಅವಳು ಎಲ್ಲಿರಬೇಕೆಂಬುದರ ಬಗ್ಗೆ. ನೀರು ಕುಡಿದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದಕ್ಕಿಂತ ಹೆಚ್ಚು ತಲೆಗೆ ಹೋಗುವುದಿಲ್ಲ.

ಆ ಇಬ್ಬರಲ್ಲಿ ದೊಡ್ಡವಳು ಈಗ ಪಿಯುಸಿಗೆ ಹೋದಳು. ಉಳಿದವಳಿಗೆ ಜೊತೆಯಾಗಿ ಬಂದಿರುವ ಎಂಟನೆಯ ತರಗತಿಯ ಹುಡುಗಿ ಎಡಗೈಯವಳು. ಆದ್ದರಿಂದ ನಡುವಿನ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗಿದೆ. ಎಡಗೈಯವಳು ಬಲಪಕ್ಕದಲ್ಲಿ ನಿಂತರೆ ಇಬ್ಬರ ರ‍್ಯಾಕೆಟ್ ಹಿಡಿದ ಕೈಯ ಬದಿಯ ಫೋರ್‌ಹ್ಯಾಂಡ್ ಕೂಡ ನಡುವಿಗೇ ಬರುತ್ತದೆ, ಎಡಪಕ್ಕದಲ್ಲಿ ನಿಂತರೆ ಇಬ್ಬರ ವಿರುದ್ಧ ಬದಿಯ ಬ್ಯಾಕ್‌ಹ್ಯಾಂಡ್ ನಡುವಿಗೆ ಬರುತ್ತದೆ. ಇದಕ್ಕೆ ನಾನು ಆರಿಸಿಕೊಂಡದ್ದು ಎಡಗೈಯ ಜ್ವಾಲಾ ಗುಟ್ಟಾ ಮತ್ತು ಬಲಗೈಯ ನಮ್ಮ ಅಶ್ವಿನಿ ಪೊನ್ನಪ್ಪ ಜೋಡಿಯ ಪಂದ್ಯಗಳನ್ನು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಇವರು 2011ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದಕ್ಕೂ ಮುಂಚೆ ಬಂದಿದ್ದ ಪದಕವೆಂದರೆ 1983ರಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಕಂಚು ಮಾತ್ರ. ಅಶ್ವಿನಿ ಹಿಂದಿನಿಂದ ಬಲವಾಗಿ ಹೊಡೆಯುವಾಗ ಜ್ವಾಲಾ ನೆಟ್ಟಿನ ಬಳಿ ಏನು ಮಾಡುತ್ತಿದ್ದರೆಂಬುದು ಗೊತ್ತಿರುವ ಸಂಗತಿಯೇ. ನಾನೀಗ ಚುಕ್ಕೆಯಿಡುತ್ತಿರುವುದು ಅವರಿಬ್ಬರೂ ಅಕ್ಕಪಕ್ಕ ನಿಂತು ರಕ್ಷಿಸುವ ರ‍್ಯಾಲಿಗಳನ್ನು. ಎಡಗೈಯವಳು ಯಾವ ಪಕ್ಕದಲ್ಲಿದ್ದಾಗ ನಡುವಿನ ಶಟಲ್ ಯಾರ ಪಾಲಿಗೆ ಹೋಗುತ್ತದೆಂಬುದನ್ನು ಎರಡು ಬಣ್ಣದ ಪೆನ್ಸಿಲ್ಲಿನಲ್ಲಿ ಬೇರೆ ಬೇರೆ ಗುರುತಿಸುತ್ತಿದ್ದೇನೆ. ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಆ ಕಾಗದಗಳು ಸಿದ್ಧವಾದರೆ ಹೊಸ ಜೋಡಿಯ ಅಭ್ಯಾಸವನ್ನು ಬೆಂಚಿನ ಮೇಲಿನಿಂದ ಮತ್ತೆ ಶುರು ಮಾಡಬಹುದು.