ಸಪ್ಲೈ ಬದಲಾಯಿಸದೆ ಆರ್ಕೇಡ್ ಮೆಷಿನ್ ರಿಪೇರಿ: ನನ್ನ ಅನುಭವ

ಹಳೇ ಆರ್ಕೇಡ್ ಮೆಷಿನ್ ಆಟದ ಮಧ್ಯೆ ರೀಸೆಟ್ ಆಗುತ್ತಿದೆ ಅಂದರೆ ಮುಂಬೈಯಲ್ಲಿ ಎಲ್ಲರೂ ಹೇಳುವುದು ಒಂದೇ: ಎಸ್‌ಎಂಪಿಎಸ್ (ಮೆಷಿನ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಬದಲಾಯಿಸಿ. ನಾನು ಬದಲಾಯಿಸದೆಯೇ ಸರಿ ಮಾಡಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ನನ್ನ ಮಾತು ನಂಬದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೆಷಿನ್ ಘಾಟ್‌ಕೋಪರ್‌ನ ಒಂದು ಗೇಮ್ ಪಾರ್ಲರ್‌ನದು. ಒಳಗೆ 1991ರ ಸ್ಟ್ರೀಟ್ ಫೈಟರ್ 2 ಬೋರ್ಡು. ಮಾಲೀಕರು ಕುಂದಾಪುರದ ಕಡೆಯವರು. "ಎರಡು ಸಪ್ಲೈ ಹಾಕಿಸಿದೆ ಮಾರಾಯ್ರೆ, ಅರ್ಧ ಗಂಟೆ ಆಡಿದ್ರೆ ಮತ್ತೆ ಅದೇ ಕಥೆ" ಅಂದರು. ಅಷ್ಟಕ್ಕೇ ನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಮೊದಲು ಬಂದ ಮೆಕ್ಯಾನಿಕ್ ಸಪ್ಲೈಯ ಪಾಟ್ (ವೋಲ್ಟೇಜ್ ಹೊಂದಿಸುವ ತಿರುಪು) ತಿರುಗಿಸಿ 5.5 ವೋಲ್ಟಿಗೆ ಏರಿಸಿ ಹೋಗಿದ್ದರು. ಇದನ್ನು ಯಾರೂ ಮಾಡಬೇಡಿ. ಬೋರ್ಡಿಗೆ ಕರೆಂಟ್ ಒಯ್ಯುವ ಕನೆಕ್ಟರಿನ ಸಡಿಲ ಪಿನ್ ಯಾವತ್ತೋ ಒಮ್ಮೆ ಸರಿಯಾಗಿ ಕೂತರೆ ಆ 5.5 ಪೂರ್ತಿ ಬೋರ್ಡಿಗೆ ಬೀಳುತ್ತದೆ. ಬೋರ್ಡಿನಲ್ಲಿರುವ ಟಿಟಿಎಲ್ ಅನ್ನುವ 5 ವೋಲ್ಟಿನ ಚಿಪ್‌ಗಳಿಗೆ 5.25 ದಾಟಬಾರದು ಅಲ್ವಾ?

ಪಾಟ್ ಇಳಿಸಿ 5.1ಕ್ಕೆ ತಂದೆ. ಆಟ ಓಡುತ್ತಿರುವಾಗಲೇ ಬೋರ್ಡಿನ ದೂರದ ಮೂಲೆಯ ಚಿಪ್ ಕಾಲಿಗೆ ಮೀಟರ್ ಹಿಡಿದೆ. 4.6 ತೋರಿಸಿತು. ಅರ್ಧ ವೋಲ್ಟ್ ದಾರಿಯಲ್ಲೇ ಹೋಗಿತ್ತು. ಎಲ್ಲರೂ ಪ್ಲಸ್ ವೈರ್ ಮಾತ್ರ ನೋಡುತ್ತಾರೆ. ನಾನು ಕರೆಂಟ್ ವಾಪಸ್ ಬರುವ ದಾರಿಯನ್ನೂ, ಅಂದರೆ ಸಪ್ಲೈ ಗ್ರೌಂಡಿನಿಂದ ಬೋರ್ಡ್ ಗ್ರೌಂಡಿಗೂ ಅಳೆದೆ. ಅಲ್ಲೇ 0.2 ವೋಲ್ಟಿಗಿಂತ ಜಾಸ್ತಿ ನಷ್ಟ! ನಾಲ್ಕು ಆಂಪಿಯರ್ ಹತ್ತಿರ ಎಳೆಯುವ ಬೋರ್ಡಿಗೆ 0.1 ಓಮ್ ತಡೆ ಕೂಡ ದೊಡ್ಡದೇ.

ಬೋರ್ಡನ್ನು ಮೆಷಿನ್ ವೈರ್‌ಗಳಿಗೆ ಜೋಡಿಸುವ ಜಾಮಾ ಕನೆಕ್ಟರ್ ಬಿಚ್ಚಿದರೆ 5 ವೋಲ್ಟಿನ ಪಿನ್‌ಗಳು ಸುಟ್ಟು ಕಪ್ಪಾಗಿದ್ದವು. ಗ್ರೌಂಡಿಗೆ ಎರಡೂ ತುದಿ ಸೇರಿ ಎಂಟು ಪಿನ್ ಇವೆ. ಹಾರ್ನೆಸ್ (ವೈರ್‌ಗಳ ಕಟ್ಟು) ಕಟ್ಟಿದವರು ಎರಡಕ್ಕೆ ಮಾತ್ರ ವೈರ್ ಹಾಕಿದ್ದರು, ಅದೂ ತೆಳ್ಳಗಿನದು. ಮೊದಲು ರಬ್ಬರಿನಿಂದ ಉಜ್ಜಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ ನೋಡಿದೆ. ವಾರದ ಮಟ್ಟಿಗೆ ತಡೆಯಿತು, ಮಳೆಗಾಲದ ತೇವಕ್ಕೆ ಮತ್ತೆ ಶುರು. ಬಿಸಿಗೆ ಹಿಡಿತ ಕಳೆದುಕೊಂಡ ಪಿನ್ನನ್ನು ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಹೊಸ ಕನೆಕ್ಟರ್ ತಂದೆ. ಎಂಟೂ ಗ್ರೌಂಡ್, ನಾಲ್ಕೂ 5 ವೋಲ್ಟ್ ಪಿನ್‌ಗಳಿಗೆ ಬೇರೆ ಬೇರೆ ದಪ್ಪ ವೈರ್ ಎಳೆದೆ. ಸಾಮಾನಿಗೆ ಆರು ನೂರರ ಆಸುಪಾಸು ಆಯಿತು. ಜೋಡಿಸುವ ಮೊದಲು ಪಿನ್‌ಗೆ ಏನು ಹಚ್ಚುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು, ಅದನ್ನು ಬರೆಯುವುದಿಲ್ಲ.

ಈಗ ಬೋರ್ಡಿನ ಮೇಲೆ 5.0 ಇದೆ. ಪಾರ್ಲರ್ ತೆರೆದಾಗಿನಿಂದ ಮುಚ್ಚುವವರೆಗೆ ಒಂದು ರೀಸೆಟ್ ಇಲ್ಲ. ಸಪ್ಲೈ ಅದೇ ಹಳೇದು. ಅಂಗಡಿಯ ಗೆಳೆಯರೊಬ್ಬರು ತಾವೇ ಮೀಟರ್ ಹಿಡಿದು ನೋಡಿ ಒಪ್ಪಿಕೊಂಡರು.

ಇದೇ ಹುರುಪಿನಲ್ಲಿ, ಸೌಂಡಿಗೆ ಮೈನಸ್ 5 ಬೇಕಿದ್ದ ಇನ್ನೊಂದು ಹಳೇ ಬೋರ್ಡನ್ನು ಪಿಸಿ ಸಪ್ಲೈಯಲ್ಲಿ ಓಡಿಸಿ ನೋಡಿದೆ. ಈಗಿನ ಪಿಸಿ ಸಪ್ಲೈಗಳಲ್ಲಿ ಮೈನಸ್ 5 ಬರುವುದಿಲ್ಲ. ಮೈನಸ್ 12ರಿಂದ 7905 ಅನ್ನುವ ಮೈನಸ್ 5 ವೋಲ್ಟಿನ ರೆಗ್ಯುಲೇಟರ್ ಹಾಕಿ ಮಾಡಿಕೊಂಡೆ. ಪ್ಲಸ್ 5 ಕೊಡುವ 7805ರ ಹಾಗಲ್ಲ ಇದು. ಇನ್‌ಪುಟ್ ನಡುವಿನ ಕಾಲಿನಲ್ಲಿದೆ, ಬೆನ್ನಿನ ಲೋಹಕ್ಕೂ ಅದೇ ಸಂಪರ್ಕ. ಮಧ್ಯೆ ಕರೆಂಟ್ ತಡೆಯುವ ಮೈಕಾ ಹಾಳೆ ಇಡದೆ ಹೀಟ್‌ಸಿಂಕಿಗೆ (ಬಿಸಿ ಎಳೆಯುವ ಲೋಹದ ತುಂಡಿಗೆ) ಬಿಗಿಯಬೇಡಿ. ಸೌಂಡ್ ಚೆನ್ನಾಗಿ ಬಂತು, ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ.